ಕಟ್ಟುಹಲ್ಲಿನ ಹಿಂದಿನ ಕೈಗಳು: ಅಕ್ರಿಲಿಕ್ ಅಲರ್ಜಿಯ ಚರಿತ್ರೆ

ಮನೆಯಲ್ಲಿ ಹಿರಿಯರಿರುವವರಿಗೆ ಈ ದೃಶ್ಯ ಹೊಸದಲ್ಲ. ರಾತ್ರಿ ಮಲಗುವ ಮುನ್ನ ಅಜ್ಜನೋ ಅಜ್ಜಿಯೋ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ನೀರು ತುಂಬಿದ ಲೋಟದಲ್ಲಿ ಹಾಕಿಡುತ್ತಾರೆ. ಬೆಳಗ್ಗೆ ಅದನ್ನು ತೊಳೆದು ಬಾಯಿಗಿಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ, ರೊಟ್ಟಿ ಅಗಿಯುವುದು ಸಾಧ್ಯವಾಗುತ್ತದೆ, ಮುಖಕ್ಕೆ ಹಳೆಯ ಕಳೆ ಮರಳುತ್ತದೆ. ವಸಡಿನ ಬಣ್ಣದ ಆ ಗುಲಾಬಿ ತಟ್ಟೆಯ ಹೆಸರು ಅಕ್ರಿಲಿಕ್. ಅದು ಕೋಟ್ಯಂತರ ವೃದ್ಧರಿಗೆ ಊಟದ ಸುಖವನ್ನು ಮರಳಿ ಕೊಟ್ಟ ವಸ್ತು. ಆದರೆ ಅದೇ ವಸ್ತು ಅದನ್ನು ತಯಾರಿಸುವ ಎಷ್ಟೋ ಮಂದಿಯ ಬೆರಳುಗಳನ್ನು ಸೀಳಿಸಿದೆ, ಕೆಲವರನ್ನು ವೃತ್ತಿಯಿಂದಲೇ ಹೊರದಬ್ಬಿದೆ. ಉಪಕಾರ ಮತ್ತು ಅಪಾಯ ಒಂದೇ ಬಾಟಲಿಯಲ್ಲಿದ್ದ ಈ ಕಥೆಯನ್ನು ದಂತವೈದ್ಯಕೀಯ ಓದುವ, ಓದಬೇಕೆಂದಿರುವ ನಮ್ಮ ವಿದ್ಯಾರ್ಥಿಗಳು ಮಾತ್ರವಲ್ಲದೆ ಎಲ್ಲರೂ ತಿಳಿದಿರಬೇಕು. ಏಕೆಂದರೆ ಈಗ ಅದು ದಂತ ಚಿಕಿತ್ಸಾಲಯದ ಗೋಡೆ ದಾಟಿ ನಮ್ಮ ಮನೆಗಳಿಗೂ ಬಂದಿದೆ.

ರಬ್ಬರಿನ ಕಾಲ

ಅಕ್ರಿಲಿಕ್ ಬರುವ ಮೊದಲು ಹಲ್ಲಿನ ಸೆಟ್ಟುಗಳನ್ನು ದಂತ, ಮೂಳೆ, ಚಿನ್ನ ಮುಂತಾದವುಗಳಿಂದ ಮಾಡುತ್ತಿದ್ದರು. ಅವು ಶ್ರೀಮಂತರ ಸೊತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ. ಅವನ ಸಹೋದರ ನೆಲ್ಸನ್ 1851ರಲ್ಲಿ ಇನ್ನೂ ಗಟ್ಟಿಯಾದ ರಬ್ಬರಿಗೆ ಪೇಟೆಂಟ್ ಪಡೆದ. ವಲ್ಕನೈಟ್ ಎಂಬ ಈ ವಸ್ತುವನ್ನು ಬಾಯಿಯ ಅಚ್ಚಿಗೆ ಸರಿಯಾಗಿ ಎರಕ ಹೊಯ್ಯಬಹುದಿತ್ತು. ಬೆಲೆಯೂ ಕಡಿಮೆ. ಹೀಗೆ ಮೊದಲ ಬಾರಿಗೆ ಸಾಮಾನ್ಯರ ಬಾಯಿಗೂ ಹಲ್ಲಿನ ಸೆಟ್ಟು ಬಂತು.

ಆದರೆ ವಲ್ಕನೈಟಿನ ಪೇಟೆಂಟ್ ಹಿಡಿದಿದ್ದ ಕಂಪನಿ ಪ್ರತಿಯೊಬ್ಬ ದಂತವೈದ್ಯನಿಂದಲೂ ಪರವಾನಗಿ ಹಣ ವಸೂಲು ಮಾಡುತ್ತಿತ್ತು. ಕೊಡದವರ ಮೇಲೆ ಮೊಕದ್ದಮೆ ಹೂಡುತ್ತಿತ್ತು. ಈ ಜಗಳ ಎಲ್ಲಿಗೆ ಮುಟ್ಟಿತೆಂದರೆ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಆ ಕಂಪನಿಯ ಖಜಾಂಚಿ ಜೋಸಯ್ಯ ಬೇಕನ್‌ನನ್ನು ಗುಂಡಿಟ್ಟು ಕೊಂದ. 1881ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ವಲ್ಕನೈಟ್ ಎಲ್ಲರದಾಯಿತು. ಇನ್ನೂ ಅರ್ಧ ಶತಮಾನ ಅದೇ ರಾಜ್ಯವಾಳಿತು. ಭಾರತದ ದಂತವೈದ್ಯಕೀಯದ ಪಿತಾಮಹ ಎನಿಸಿದ ಡಾ. ರಫೀಉದ್ದೀನ್ ಅಹ್ಮದ್ ಅವರು ಅಮೆರಿಕದ ಅಯೋವಾದಲ್ಲಿ 1915ರಲ್ಲಿ ಪದವಿ ಪಡೆದು, 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದಾಗಲೂ ಜಗತ್ತಿನಲ್ಲಿ ವಲ್ಕನೈಟಿನ ಕಾಲವೇ ನಡೆದಿತ್ತು. ಆದರೆ ವಲ್ಕನೈಟಿಗೆ ವಸಡಿನ ಬಣ್ಣ ಬರುತ್ತಿರಲಿಲ್ಲ. ಅದು ಮಂಕು ಕೆಂಪಾಗಿರುತ್ತಿತ್ತು, ವಾಸನೆ ಹಿಡಿಯುತ್ತಿತ್ತು. ಜನ ಇನ್ನೂ ಚೆಲುವಾದ ವಸ್ತುವಿಗಾಗಿ ಕಾಯುತ್ತಿದ್ದರು.

ಪಾರದರ್ಶಕ ಅದ್ಭುತ

1843ರಲ್ಲಿ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಜೋಸೆಫ್ ರೆಡ್ಟೆನ್‌ಬಾಕರ್ ಅಕ್ರೋಲೀನ್ ಎಂಬ ಘಾಟು ವಾಸನೆಯ ದ್ರವದಿಂದ ಅಕ್ರಿಲಿಕ್ ಆಮ್ಲವನ್ನು ತಯಾರಿಸಿದ. ಅಕ್ರೋಲೀನ್ ಎಂಬ ಹೆಸರಿನಲ್ಲೇ ತೀಕ್ಷ್ಣ ಮತ್ತು ಎಣ್ಣೆ ಎಂಬ ಅರ್ಥದ ಲ್ಯಾಟಿನ್ ಪದಗಳು ಸೇರಿವೆ. ಹೆಸರು ಇಟ್ಟವರಿಗೆ ಮುಂದಿನ ಕಥೆ ಗೊತ್ತಿರಲಿಲ್ಲ. ಆದರೆ ಆ ತೀಕ್ಷ್ಣತೆ ಈ ಕುಟುಂಬದ ರಾಸಾಯನಿಕಗಳನ್ನು ಬಿಟ್ಟುಹೋಗಲಿಲ್ಲ.

ಜರ್ಮನಿಯ ಓಟ್ಟೋ ರ‍್ಯೋಮ್ 1901ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಅಕ್ರಿಲಿಕ್ ಆಮ್ಲದ ಪಾಲಿಮರುಗಳ ಮೇಲೆ ಬರೆದ. 1907ರಲ್ಲಿ ಓಟ್ಟೋ ಹಾಸ್‌ನೊಂದಿಗೆ ಕಂಪನಿ ಕಟ್ಟಿದ. ಮೂರು ದಶಕಗಳ ಪ್ರಯತ್ನದ ನಂತರ 1933ರಲ್ಲಿ ಗಾಜಿನಂತೆ ಪಾರದರ್ಶಕವಾದ, ಆದರೆ ಚೂರು ಚೂರಾಗಿ ಒಡೆಯದ ಪ್ಲೆಕ್ಸಿಗ್ಲಾಸ್ ಹೊರಬಂತು. ಬ್ರಿಟನ್ನಿನಲ್ಲಿ ಇದೇ ವಸ್ತು ಪರ್ಸ್‌ಪೆಕ್ಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ವಿಮಾನಗಳ ಗವಾಕ್ಷಿಗಳು ಇದರಿಂದಲೇ ಆದವು.

ಇದೇ ವೇಳೆಗೆ ಹಲ್ಲಿನ ಲೋಕ ಇದರ ಮೇಲೆ ಕಣ್ಣಿಟ್ಟಿತು. 1936ರಲ್ಲಿ ಜರ್ಮನಿಯ ಕುಲ್ಜರ್ ಸಂಸ್ಥೆ ಪುಡಿ ಮತ್ತು ದ್ರವವನ್ನು ಕಲಸಿ ಹಿಟ್ಟಿನಂತೆ ಮಾಡಿ, ಅಚ್ಚಿಗೆ ಒತ್ತಿ ಕಾಯಿಸುವ ವಿಧಾನವನ್ನು ರೂಪಿಸಿತು. 1937ರಲ್ಲಿ ಅಮೆರಿಕದ ವಾಲ್ಟರ್ ರೈಟ್ ಈ ವಸ್ತುವಿನ ಸೆಟ್ಟುಗಳನ್ನು ರೋಗಿಗಳ ಬಾಯಿಯಲ್ಲಿ ಪರೀಕ್ಷಿಸಿ ಒಳ್ಳೆಯ ವರದಿ ಕೊಟ್ಟ. ನಿಜವಾದ ವಸಡಿನ ಬಣ್ಣ, ಹಗುರ ತೂಕ, ಸುಲಭ ದುರಸ್ತಿ. ಹತ್ತು ವರ್ಷ ತುಂಬುವುದರೊಳಗೆ ವಲ್ಕನೈಟ್ ಬಹುತೇಕ ಮರೆಯಾಯಿತು.

ಮಣಿ ಮತ್ತು ಸರ

ಮುಂದಿನದು ಅರ್ಥವಾಗಬೇಕಾದರೆ ಒಂದು ಸಣ್ಣ ರಸಾಯನ ಪಾಠ ಅವಶ್ಯ. ಬಿಡಿ ಮಣಿಗಳನ್ನು ದಾರಕ್ಕೆ ಪೋಣಿಸಿದರೆ ಸರವಾಗುತ್ತದೆ. ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವ ಬಿಡಿ ಮಣಿಯಿದ್ದಂತೆ. ಇದನ್ನು ಮೊನೊಮರ್ ಎನ್ನುತ್ತಾರೆ. ಶಾಖ ಕೊಟ್ಟಾಗ ಸಾವಿರಾರು ಮಣಿಗಳು ಒಂದಕ್ಕೊಂದು ಕೊಂಡಿ ಬೆಸೆದು ಉದ್ದದ ಸರವಾಗುತ್ತವೆ. ಅದು ಪಾಲಿಮರ್, ಅಂದರೆ ಗಟ್ಟಿಯಾದ ಪ್ಲಾಸ್ಟಿಕ್. ತಂತ್ರಜ್ಞನ ಮೇಜಿನ ಮೇಲಿರುವ ಪುಡಿ ಈಗಾಗಲೇ ಸರವಾದದ್ದು, ಘಾಟು ವಾಸನೆಯ ದ್ರವ ಇನ್ನೂ ಬಿಡಿ ಮಣಿ.

ಸರವಾದ ಮೇಲೆ ಅದು ದೇಹಕ್ಕೆ ಎಷ್ಟು ನಿರುಪದ್ರವಿ ಎಂಬುದಕ್ಕೆ ಯುದ್ಧವೇ ಸಾಕ್ಷಿ ಒದಗಿಸಿತು. ಗುಂಡೇಟಿಗೆ ಸಿಡಿದ ವಿಮಾನ ಗವಾಕ್ಷಿಗಳ ಪರ್ಸ್‌ಪೆಕ್ಸ್ ಚೂರುಗಳು ಬ್ರಿಟಿಷ್ ಪೈಲಟುಗಳ ಕಣ್ಣಿಗೆ ಹೊಕ್ಕಿದ್ದರೂ ಹೆಚ್ಚಿನ ಉರಿಯೂತ ಉಂಟುಮಾಡದೆ ಅಲ್ಲೇ ಉಳಿದದ್ದನ್ನು ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಗಮನಿಸಿದ. ಆ ಗಮನದ ಫಲವಾಗಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಇದೇ ವಸ್ತುವಿನ ಕೃತಕ ಮಸೂರವನ್ನು ಕಣ್ಣಿನೊಳಗೆ ಕೂರಿಸಲು ಮೊದಲ ಶಸ್ತ್ರಚಿಕಿತ್ಸೆ ಮಾಡಿದ. ಇಂದು ಪೊರೆಯ ಶಸ್ತ್ರಚಿಕಿತ್ಸೆಯಾದವರ ಕಣ್ಣಿನ ಮಸೂರದ ವಂಶಾವಳಿ ಅಲ್ಲಿಂದ ಆರಂಭ.

ಹಾಗಾದರೆ ಅಲರ್ಜಿ ಎಲ್ಲಿಂದ ಬಂತು? ಬಿಡಿ ಮಣಿಯಿಂದ.

ಚರ್ಮದ ನೆನಪು

ಮುಟ್ಟಿದ್ದರಿಂದ ಬರುವ ಅಲರ್ಜಿಯನ್ನು ಪತ್ತೆಹಚ್ಚುವ ವಿಧಾನ ಅಕ್ರಿಲಿಕ್ ಸೆಟ್ಟಿಗಿಂತ ಹಳೆಯದು. 1895ರಲ್ಲಿ ಜರ್ಮನಿಯ ಚರ್ಮತಜ್ಞ ಜೋಸೆಫ್ ಯಾಡಾಸೋನ್, ಪಾದರಸದ ಔಷಧಿಯಿಂದ ಚರ್ಮ ಕೆಟ್ಟ ರೋಗಿಗಳ ಚರ್ಮದ ಮೇಲೆ ಅದೇ ಪಾದರಸವನ್ನು ಪಟ್ಟಿ ಕಟ್ಟಿ ಪರೀಕ್ಷಿಸಿ ತೋರಿಸಿದ. ಇಂದಿನ ಪ್ಯಾಚ್ ಟೆಸ್ಟಿನ ಮೂಲ ಅದೇ. 1930ರ ದಶಕದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಸರಳ ರಾಸಾಯನಿಕಗಳೂ ದೇಹದ ಪ್ರೋಟೀನಿಗೆ ಅಂಟಿಕೊಂಡಾಗ ಅಲರ್ಜಿ ಹುಟ್ಟಿಸಬಲ್ಲವೆಂದು ತೋರಿಸಿದ. ರಕ್ತದ ಗುಂಪುಗಳನ್ನು ಕಂಡುಹಿಡಿದ ವಿಜ್ಞಾನಿಯೇ ಈತ. 1942ರಲ್ಲಿ ಅವನೂ ಮೆರಿಲ್ ಚೇಸ್ ಎಂಬ ವಿಜ್ಞಾನಿಯೂ ಈ ಬಗೆಯ ಅಲರ್ಜಿ ರಕ್ತದ ದ್ರವದಿಂದಲ್ಲ, ಜೀವಕೋಶಗಳ ಮೂಲಕ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆಂದು ಸಾಬೀತುಪಡಿಸಿದರು.

ಕ್ರಮ ಹೀಗಿದೆ. ಮೊನೊಮರಿನ ಅಣು ಬಹಳ ಚಿಕ್ಕದು. ಅದು ಚರ್ಮದ ಹೊರಪದರವನ್ನು ದಾಟಿ ಒಳಗಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದಲ್ಲಿ ಕಾವಲು ಕಾಯುವ ಕೋಶಗಳು ಆ ಅಪರಿಚಿತ ಜೋಡಿಯನ್ನು ದುಗ್ಧ ಗ್ರಂಥಿಗೆ ಒಯ್ದು ಅಲ್ಲಿನ ಟಿ ಕೋಶಗಳಿಗೆ ಪರಿಚಯಿಸುತ್ತವೆ. ಸುಮಾರು ಎರಡು ವಾರಗಳಲ್ಲಿ ಅದನ್ನು ಗುರುತಿಸುವ ಕೋಶಗಳ ಪಡೆ ಸಿದ್ಧವಾಗುತ್ತದೆ. ಈ ಹಂತದಲ್ಲಿ ಹೊರಗೆ ಏನೂ ಕಾಣಿಸದು. ಮುಂದೆ ಅದೇ ವಸ್ತು ಮತ್ತೆ ತಗುಲಿದಾಗ ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪು, ಗುಳ್ಳೆ, ಬಿರುಕು. ಕೆಲವರಲ್ಲಿ ಇದು ವರ್ಷಗಟ್ಟಲೆ ಕೆಲಸ ಮಾಡಿದ ನಂತರ ಆರಂಭವಾಗುತ್ತದೆ. "ಇಷ್ಟು ವರ್ಷ ಆಗದ್ದು ಈಗೇಕೆ?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಮ್ಮೆ ಮೂಡಿದ ಈ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಅಳಿಯುವುದಿಲ್ಲ.

ಮೊದಲ ದೂರುಗಳು

ಅಕ್ರಿಲಿಕ್ ದಂತ ಪ್ರಯೋಗಾಲಯಕ್ಕೆ ಬಂದು ನಾಲ್ಕೈದು ವರ್ಷವಾಗುವಷ್ಟರಲ್ಲಿ, 1941ರಲ್ಲಿ, ಸ್ಟೀವನ್ಸನ್ ಎಂಬವರು ಮೀಥೈಲ್ ಮೆಥಾಕ್ರಿಲೇಟಿನಿಂದ ಉಂಟಾದ ಚರ್ಮದ ಉರಿಯೂತದ ಬಗ್ಗೆ ಅಮೆರಿಕದ ದಂತವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಇದು ಆಶ್ಚರ್ಯವಲ್ಲ. ತಂತ್ರಜ್ಞರು ಪುಡಿಗೆ ದ್ರವ ಸುರಿದು ಕಲಸಿ, ಆ ಮೆತ್ತನೆಯ ಹಿಟ್ಟನ್ನು ಬರಿಗೈಯಲ್ಲೇ ನಾದಿ ಅಚ್ಚಿಗೆ ಒತ್ತುತ್ತಿದ್ದರು. ಒರಟಾದ ಅಂಚನ್ನು ನಯಗೊಳಿಸಲು ಬೆರಳನ್ನು ದ್ರವದಲ್ಲಿ ಅದ್ದಿ ಸವರುತ್ತಿದ್ದರು. ಹೀಗಾಗಿ ಗಾಯದ ಜಾಗವೇ ಕಸುಬಿನ ಗುರುತಾಯಿತು: ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ. ಅಲ್ಲಿ ಚರ್ಮ ಒಣಗಿ, ದಪ್ಪವಾಗಿ, ಸೀಳುತ್ತದೆ. ಕೆಲವರಿಗೆ ಬೆರಳ ತುದಿ ಜೋಮು ಹಿಡಿದಂತಾಗಿ, ಸೂಕ್ಷ್ಮ ಕೆಲಸದ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಕೈಚಳಕದಿಂದ ಬದುಕುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ವಿಷಯವನ್ನು ಸ್ಪಷ್ಟಪಡಿಸಿದವರು ನ್ಯೂಯಾರ್ಕಿನ ಚರ್ಮತಜ್ಞ ಅಲೆಕ್ಸಾಂಡರ್ ಫಿಶರ್. 1954ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇದು: ಅಲರ್ಜಿ ಹುಟ್ಟಿಸುವುದು ದ್ರವರೂಪದ ಮೊನೊಮರ್, ಪೂರ್ಣವಾಗಿ ಗಟ್ಟಿಯಾದ ಅಕ್ರಿಲಿಕ್ ಅಲ್ಲ. ಈ ಒಂದು ಮಾತು ಇಬ್ಬರಿಗೆ ನ್ಯಾಯ ಒದಗಿಸಿತು. ಒಂದು ಕಡೆ, ತಯಾರಕರ ಕೈಯ ಕಾಯಿಲೆ ನಿಜವೆಂದು ದೃಢವಾಯಿತು. ಇನ್ನೊಂದು ಕಡೆ, ಸೆಟ್ಟು ಹಾಕಿಕೊಂಡವರು ಸುಮ್ಮನೆ ಹೆದರಬೇಕಿಲ್ಲವೆಂದೂ ತಿಳಿಯಿತು.

ಬಾಯಿ ಹುಣ್ಣಿನ ವಿವಾದ

ಏಕೆಂದರೆ ಆ ಕಾಲದಲ್ಲಿ ಸೆಟ್ಟು ಹಾಕಿದವರ ಬಾಯಿ ಕೆಂಪಾದರೆ, ಉರಿದರೆ ಎಲ್ಲವನ್ನೂ ಅಲರ್ಜಿಯ ಲೆಕ್ಕಕ್ಕೆ ಬರೆಯುವ ಅಭ್ಯಾಸವಿತ್ತು. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನ್ಯೂಟನ್, ಕಾಸನ್ ಮುಂತಾದವರ ಅಧ್ಯಯನಗಳು ಬೇರೆಯೇ ಚಿತ್ರ ಕೊಟ್ಟವು. ಹೆಚ್ಚಿನವರ ತೊಂದರೆಗೆ ಕಾರಣ ಸರಿಯಾಗಿ ಕೂರದ ಸೆಟ್ಟು, ಅದನ್ನು ರಾತ್ರಿಯೂ ತೆಗೆಯದಿರುವುದು, ಸರಿಯಾಗಿ ತೊಳೆಯದಿರುವುದು, ಮತ್ತು ಅದರಡಿಯಲ್ಲಿ ಬೆಳೆಯುವ ಕ್ಯಾಂಡಿಡಾ ಎಂಬ ಶಿಲೀಂಧ್ರ. ಅಜ್ಜನ ಆ ನೀರಿನ ಲೋಟಕ್ಕೆ ಎಷ್ಟು ಮಹತ್ವವಿದೆ ನೋಡಿ!

ಹಾಗೆಂದು ಬಾಯಿಯ ಅಲರ್ಜಿ ಇಲ್ಲವೇ ಇಲ್ಲ ಎನ್ನಲಾಗದು. ಅದು ವಿರಳ, ಆದರೆ ಇದೆ. ಸರಿಯಾಗಿ ಕಾಯಿಸದ ಸೆಟ್ಟಿನಲ್ಲಿ ಬಿಡಿ ಮಣಿಗಳು ಉಳಿದು ನಿಧಾನವಾಗಿ ಸೋರುತ್ತವೆ. ಶಾಖವಿಲ್ಲದೆ ತಾನಾಗಿ ಗಟ್ಟಿಯಾಗುವ ಬಗೆಯಲ್ಲಿ ಈ ಉಳಿಕೆ ಇನ್ನೂ ಹೆಚ್ಚು. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಶಾಖದಿಂದ ಗಟ್ಟಿಯಾದ ಸೆಟ್ಟಿನಲ್ಲಿ ಉಳಿದ ಮೊನೊಮರ್ ಶೇಕಡಾ 2.2ನ್ನು, ತಾನಾಗಿ ಗಟ್ಟಿಯಾದುದರಲ್ಲಿ ಶೇಕಡಾ 4.5ನ್ನು ಮೀರಬಾರದು. ಆದ್ದರಿಂದಲೇ ಒಳ್ಳೆಯ ಪ್ರಯೋಗಾಲಯಗಳು ಅವಸರ ಮಾಡದೆ ಗಂಟೆಗಟ್ಟಲೆ ಕಾಯಿಸುತ್ತವೆ, ಸಿದ್ಧವಾದ ಸೆಟ್ಟನ್ನು ರೋಗಿಗೆ ಕೊಡುವ ಮೊದಲು ಒಂದು ದಿನವಾದರೂ ನೀರಿನಲ್ಲಿ ನೆನೆಸಿಡುತ್ತವೆ. ಗಟ್ಟಿಗೊಳಿಸಲು ಸೇರಿಸುವ ಬೆಂಜಾಯ್ಲ್ ಪೆರಾಕ್ಸೈಡ್, ದ್ರವ ಕೆಡದಿರಲು ಸೇರಿಸುವ ಹೈಡ್ರೋಕ್ವಿನೋನ್ ಇವುಗಳಿಗೂ ಕೆಲವರಿಗೆ ಅಲರ್ಜಿ ಇರುವುದುಂಟು.

ಕೈಗವಸಿನ ಭ್ರಮೆ

1958ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ, ಮ್ಯಾಂಚೆಸ್ಟರಿನ ದಂತ ವಸ್ತುತಜ್ಞ ಡೆನ್ನಿಸ್ ಸ್ಮಿತ್ ಅವರ ಸಲಹೆ ಪಡೆದು, ಕೃತಕ ಸೊಂಟದ ಕೀಲನ್ನು ಮೂಳೆಗೆ ಕೂರಿಸಲು ಅಕ್ರಿಲಿಕ್ ಸಿಮೆಂಟನ್ನು ಬಳಸಲಾರಂಭಿಸಿದ. ಹಲ್ಲಿನ ವಸ್ತು ಕಾಲಿಗೆ ನಡಿಗೆ ಕೊಟ್ಟಿತು. ಶಸ್ತ್ರವೈದ್ಯರು ರಬ್ಬರ್ ಕೈಗವಸು ತೊಟ್ಟು ಆ ಸಿಮೆಂಟನ್ನು ನಾದುತ್ತಿದ್ದರು. ಆದರೂ ಅವರ ಕೈಗಳಲ್ಲಿ ಇಸುಬು ಕಾಣಿಸಿತು. 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪೆಗಮ್ ಮತ್ತು ಮೆಡ್‌ಹರ್ಸ್ಟ್ ಎಂಬ ವೈದ್ಯರು ಕಾರಣ ಬರೆದರು: ಮೊನೊಮರ್ ರಬ್ಬರ್ ಕೈಗವಸನ್ನೇ ತೂರಿಕೊಂಡು ಒಳಬರುತ್ತದೆ. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ.

ಈ ಪಾಠ ದಂತವೈದ್ಯರಿಗೆ ತಲುಪುವುದು ತಡವಾಯಿತು. 1980ರ ದಶಕದಲ್ಲಿ ಏಡ್ಸ್ ಭೀತಿಯಿಂದ ದಂತವೈದ್ಯರೆಲ್ಲ ಕೈಗವಸು ತೊಡಲಾರಂಭಿಸಿದರು. ಆ ಕೈಗವಸು ರೋಗಾಣುವನ್ನು ತಡೆಯುತ್ತಿತ್ತು, ಮೊನೊಮರನ್ನು ತಡೆಯುತ್ತಿರಲಿಲ್ಲ. ಅದೇ ಕಾಲದಲ್ಲಿ ಹಲ್ಲು ತುಂಬುವ ವಸ್ತುಗಳೂ ಬದಲಾಗಿದ್ದವು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಆಮ್ಲದಿಂದ ಹಲ್ಲಿನ ಮೇಲ್ಮೈಯನ್ನು ಒರಟುಗೊಳಿಸಿ ಅಕ್ರಿಲಿಕ್ ಅಂಟಿಸುವ ವಿಧಾನ ತೋರಿಸಿದ್ದ. 1962ರಲ್ಲಿ ರಫೇಲ್ ಬೋವೆನ್ ಬಿಸ್-ಜಿಎಂಎ ಎಂಬ ಹೊಸ ರಾಳಕ್ಕೆ ಪೇಟೆಂಟ್ ಪಡೆದ. ಬೆಳ್ಳಿ ಬಣ್ಣದ ತುಂಬುವಿಕೆಯ ಜಾಗಕ್ಕೆ ಹಲ್ಲಿನ ಬಣ್ಣದ ತುಂಬುವಿಕೆ ಬಂತು. ಅದನ್ನು ಅಂಟಿಸುವ ದ್ರವದಲ್ಲಿ ಹೆಮಾ ಎಂಬ ಇನ್ನೊಂದು ಮೆಥಾಕ್ರಿಲೇಟ್ ಇತ್ತು. ಅದೂ ಚಿಕ್ಕ ಅಣು, ಅದೂ ಕೈಗವಸನ್ನು ತೂರುತ್ತದೆ. 1990ರ ದಶಕದಲ್ಲಿ ಫಿನ್ಲೆಂಡಿನ ಲಾಸ್ಸೆ ಕನೆರ್ವಾ ಮತ್ತು ಸಂಗಡಿಗರು ದಂತವೈದ್ಯರು, ಸಹಾಯಕಿಯರು, ತಂತ್ರಜ್ಞರಲ್ಲಿ ಈ ಅಲರ್ಜಿ ಹೆಚ್ಚುತ್ತಿರುವುದನ್ನು ಒಂದರ ಹಿಂದೊಂದು ವರದಿಗಳಲ್ಲಿ ದಾಖಲಿಸಿದರು.

ಪ್ರಯೋಗಾಲಯದಿಂದ ಉಗುರಿಗೆ

ಫಿಲಡೆಲ್ಫಿಯಾದ ದಂತವೈದ್ಯ ಫ್ರೆಡ್ ಸ್ಲ್ಯಾಕ್ 1954ರಲ್ಲಿ ತನ್ನ ಮುರಿದ ಉಗುರಿಗೆ ಹಲ್ಲಿನ ಅಕ್ರಿಲಿಕ್ ಹಚ್ಚಿ ಸರಿಪಡಿಸಿಕೊಂಡದ್ದೇ ಕೃತಕ ಉಗುರುಗಳ ಆರಂಭ ಎಂದು ಹೇಳಲಾಗುತ್ತದೆ. 1957ರಷ್ಟರಲ್ಲೇ ಫಿಶರ್ ಮತ್ತು ಸಂಗಡಿಗರು ಕೃತಕ ಉಗುರಿನಿಂದಾದ ಅಲರ್ಜಿಯನ್ನು ವರದಿ ಮಾಡಿದರು. ಉಗುರು ಮತ್ತು ಬೆರಳುಗಳಿಗೆ ಆದ ಹಾನಿಯ ದೂರುಗಳು ಬಂದ ಮೇಲೆ 1970ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೀಥೈಲ್ ಮೆಥಾಕ್ರಿಲೇಟ್ ದ್ರವವಿದ್ದ ಉಗುರು ಸಾಮಗ್ರಿಗಳ ವಿರುದ್ಧ ನ್ಯಾಯಾಲಯದ ಕ್ರಮ ಕೈಗೊಂಡಿತು. ವ್ಯಾಪಾರ ಬೇರೆ ಮೆಥಾಕ್ರಿಲೇಟುಗಳತ್ತ ತಿರುಗಿತು, ನಿಲ್ಲಲಿಲ್ಲ.

2018ರಲ್ಲಿ ಬ್ರಿಟನ್ನಿನ ಚರ್ಮತಜ್ಞರ ಸಂಘ ಜೆಲ್ ಮತ್ತು ಅಕ್ರಿಲಿಕ್ ಉಗುರುಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಪ್ಯಾಚ್ ಟೆಸ್ಟಿಗೆ ಬಂದಿದ್ದ ರೋಗಿಗಳಲ್ಲಿ ಶೇಕಡಾ 2.4 ಮಂದಿಗೆ ಈ ಗುಂಪಿನ ಯಾವುದಾದರೊಂದು ರಾಸಾಯನಿಕಕ್ಕೆ ಅಲರ್ಜಿ ಇತ್ತು. ಅವರಲ್ಲಿ ಬಹುಪಾಲು ಮಹಿಳೆಯರು. 2019ರಲ್ಲಿ ಹೆಮಾ ಯುರೋಪಿನ ಮೂಲ ಪ್ಯಾಚ್ ಟೆಸ್ಟ್ ಪಟ್ಟಿಗೆ ಸೇರಿತು. 2020ರಲ್ಲಿ ಯುರೋಪಿಯನ್ ಒಕ್ಕೂಟ ಹೆಮಾ ಇರುವ ಉಗುರು ಸಾಮಗ್ರಿಗಳನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ನಿಯಮ ಮಾಡಿತು.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಈ ಗುಂಪಿನ ಒಂದಕ್ಕೆ ಅಲರ್ಜಿಯಾದ ದೇಹ ಅನೇಕ ವೇಳೆ ಇನ್ನೊಂದನ್ನೂ ಒಪ್ಪುವುದಿಲ್ಲ. ಮದುವೆಯ ಸಂಭ್ರಮಕ್ಕೆಂದು ಹಚ್ಚಿಕೊಂಡ ಉಗುರಿನಿಂದ ಅಲರ್ಜಿ ಪಡೆದ ಹುಡುಗಿಗೆ ಮುಂದೆ ಹಲ್ಲು ತುಂಬಿಸುವಾಗ, ಮಂಡಿಯ ಕೀಲು ಬದಲಿಸುವಾಗ ವೈದ್ಯರು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸಂವೇದಕಗಳಿಂದಲೂ ಅಕ್ರಿಲೇಟ್ ಅಲರ್ಜಿಯಾದ ವರದಿಗಳು 2017ರಿಂದ ಬಂದಿವೆ.

ನಮ್ಮ ವಿದ್ಯಾರ್ಥಿಗಳಿಗೆ

ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಆ ನಂತರ ಕರ್ನಾಟಕ ದಂತವೈದ್ಯ ಶಿಕ್ಷಣದ ದೊಡ್ಡ ಕೇಂದ್ರವಾಗಿ ಬೆಳೆದಿದೆ. ಬಿಡಿಎಸ್ ವಿದ್ಯಾರ್ಥಿ ರೋಗಿಯ ಬಾಯಿ ನೋಡುವ ಮೊದಲೇ, ಆರಂಭದ ವರ್ಷಗಳಲ್ಲೇ, ಪ್ರಯೋಗಾಲಯದಲ್ಲಿ ಅಕ್ರಿಲಿಕ್ ಕಲಸಲು ಕಲಿಯುತ್ತಾನೆ. ದೇಹ ಆ ಅಣುವನ್ನು ಮೊದಲು ಭೇಟಿಯಾಗುವುದು ಆಗಲೇ. ಹಾಗಾಗಿ ಎಚ್ಚರವೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲನೆಯದಾಗಿ, ದ್ರವವನ್ನೂ ಗಟ್ಟಿಯಾಗದ ಹಿಟ್ಟನ್ನೂ ಮುಟ್ಟಬೇಡಿ. ಕಡ್ಡಿ, ಚಮಚ, ಪ್ಲಾಸ್ಟಿಕ್ ಹಾಳೆಗಳನ್ನು ಬಳಸಿ. ಎರಡನೆಯದಾಗಿ, ತೆಳುವಾದ ಲೇಟೆಕ್ಸ್ ಅಥವಾ ನೈಟ್ರೈಲ್ ಕೈಗವಸನ್ನು ಪೂರ್ತಿ ನಂಬಬೇಡಿ. ದ್ರವ ತಗುಲಿದ ಕೂಡಲೇ ಅದನ್ನು ಕಳಚಿ ಬಿಸಾಡಿ. ಹೆಚ್ಚು ಹೊತ್ತಿನ ಕೆಲಸಕ್ಕೆ ಹಲವು ಪದರಗಳ ವಿಶೇಷ ಕೈಗವಸುಗಳಿವೆ. ಮೂರನೆಯದಾಗಿ, ಕಿಟಕಿ ತೆರೆದು, ಫ್ಯಾನು ಹಾಕಿ, ಬಾಟಲಿಯ ಮುಚ್ಚಳ ಮುಚ್ಚಿಡಿ. ಉಜ್ಜುವಾಗ ಏಳುವ ದೂಳನ್ನು ಉಸಿರಾಡಬೇಡಿ. ನಾಲ್ಕನೆಯದಾಗಿ, ಬೆರಳ ತುದಿ ಒಡೆಯಲು ತೊಡಗಿದರೆ ಮುಲಾಮು ಹಚ್ಚಿ ಮುಚ್ಚಿಡದೆ ಚರ್ಮತಜ್ಞರನ್ನು ಕಾಣಿ. ಅಲರ್ಜಿ ಇದೆಯೇ ಎಂದು ತಿಳಿಯಲು ದ್ರವವನ್ನು ತಾವೇ ಕೈಗೆ ಹಚ್ಚಿಕೊಂಡು ನೋಡುವುದು ತಪ್ಪು. ಆ ಪ್ರಯೋಗವೇ ಅಲರ್ಜಿ ಹುಟ್ಟಿಸಬಹುದು. ವೈದ್ಯರು ಶೇಕಡಾ 2ರಷ್ಟು ತೆಳುಗೊಳಿಸಿದ ವಸ್ತುವನ್ನು ಬೆನ್ನಿನ ಮೇಲೆ ಎರಡು ದಿನ ಅಂಟಿಸಿ, ಆ ನಂತರದ ದಿನಗಳಲ್ಲೂ ಗಮನಿಸಿ ತೀರ್ಮಾನಿಸುತ್ತಾರೆ.

ಇನ್ನೊಂದು ಮಾತು. ದಂತವೈದ್ಯನ ಹೆಸರು ಬೋರ್ಡಿನ ಮೇಲಿರುತ್ತದೆ. ಹಿಂದಿನ ಕೋಣೆಯಲ್ಲಿ ಕುಳಿತು ಸೆಟ್ಟು ತಯಾರಿಸುವ ತಂತ್ರಜ್ಞನ ಹೆಸರು ಎಲ್ಲೂ ಇರುವುದಿಲ್ಲ. 1948ರ ದಂತವೈದ್ಯರ ಕಾಯಿದೆ ದಂತ ಮೆಕ್ಯಾನಿಕ್‌ಗಳಿಗೂ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತ್ತು, ಅಂದರೆ ಕಾನೂನು ಅವರನ್ನು ಗುರುತಿಸಿತ್ತು. ನಾವೂ ಗುರುತಿಸಬೇಕು. ನಾಳೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಸ್ವಂತ ಕ್ಲಿನಿಕ್ ತೆರೆಯುವವರಿದ್ದಾರೆ. ಹೊಸ ಕುರ್ಚಿ, ಹೊಸ ದೀಪ ಕೊಳ್ಳುವಾಗ ಹಿಂದಿನ ಕೋಣೆಗೆ ಒಂದು ಗಾಳಿ ಹೊರಹಾಕುವ ಫ್ಯಾನು, ಒಂದು ಪೆಟ್ಟಿಗೆ ಒಳ್ಳೆಯ ಕೈಗವಸು ಕೊಂಡರೆ ಹೆಚ್ಚಿನ ಖರ್ಚಾಗದು. ಅಜ್ಜನ ನಗುವಿನ ಹಿಂದೆ ಒಬ್ಬನ ಬೆರಳುಗಳ ದುಡಿಮೆಯಿದೆ. ಆ ಬೆರಳುಗಳೂ ನೋವಿಲ್ಲದೆ ಊಟದ ತುತ್ತು ಕಲಸುವಂತಾಗಲಿ.